ಗದ್ದದ ಗಿರಣಿ

ಧಾರವಾಡ, ಆಸ್ಪತ್ರೆ
18 ಮೇ 2023

ಅಪ್ಪಾ,

ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರು ಹಾಕಿ ಬಿಗಿದಿದ್ದಾರೆ. ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ಗಿರಣಿಯ ಸದ್ದಿನಲ್ಲಿ ನಿಮಗೆ ಮೊದಲೇ ಫೋನು ಕೇಳಿಸುವುದಿಲ್ಲ, ಈಗ ನನ್ನ ಮಾತು ನನಗೇ ತಿಳಿಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆರು ವರ್ಷದಿಂದ ದುಮ್ಮವಾಡದ ಅಂಚೆ ಕಚೇರಿಯಲ್ಲಿ ಊರವರ ಪತ್ರಗಳಿಗೆ ಮುದ್ರೆ ಒತ್ತಿದವಳು ನಾನು. ಸ್ವಂತಕ್ಕೆ ಒಂದು ಬರೆದ ನೆನಪಿಲ್ಲ.

ಡಾಕ್ಟರು ಬಂದು ಎಕ್ಸ್‌ರೇ ತೋರಿಸಿ ಹೋದರು. ಕೆಳದವಡೆಯನ್ನು ಎರಡೂ ಬದಿಗೆ ಕೊಯ್ದು, ಎಂಟು ಮಿಲಿಮೀಟರು ಹಿಂದೆ ಸರಿಸಿ, ಲೋಹದ ಪಟ್ಟಿಯಿಟ್ಟು ಸ್ಕ್ರೂ ಬಿಗಿದಿದ್ದಾರೆ. ಎಂಟು ಮಿಲಿಮೀಟರು ಅಂದರೆ ನಿಮ್ಮ ಲೆಕ್ಕದಲ್ಲಿ ಜೋಳದ ಎರಡು ಕಾಳು. ಏಳು ಕಡೆಯವರು ನನ್ನನ್ನು ನೋಡಿ, ಚಹಾ ಕುಡಿದು ಎದ್ದು ಹೋದದ್ದು ಆ ಎರಡು ಕಾಳಿಗಾಗಿ.

ಮೂರನೆಯ ದಿನ ಮುಖದ ಬ್ಯಾಂಡೇಜು ಬಿಚ್ಚಿದಾಗ ನೀವು ಮಂಚದ ಬಾಜು ನಿಂತಿದ್ದಿರಿ. 'ನೀರು ತರತೇನಿ' ಎಂದು ಹೊರಗೆ ಹೋದಿರಿ. ತಂಬಿಗೆಯಲ್ಲಿ ನೀರು ಇತ್ತು. ಎರಡು ತಾಸಿನ ಮೇಲೆ ಬಂದಿರಿ, ಬರಿಗೈಯಲ್ಲಿ. ಆವತ್ತು ಬಾಯಿ ಬಿಟ್ಟು ಕೇಳಲಾಗಲಿಲ್ಲ. ಈಗ ಕೇಳುತ್ತಿದ್ದೇನೆ: ಮುಖ ಹೇಗಿದೆ?

ನಿಮ್ಮ
ಮಹಾನಂದಾ

*

ಗುಡಗೇರಿ
24 ಮೇ 2023

ಮಾನಂದಾ,

ಪತ್ರ ಮುಟ್ಟಿತು. ನಿನ್ನ ಅಕ್ಷರ ಇಷ್ಟು ಸಣ್ಣವು ಅಂತ ಗೊತ್ತಿರಲಿಲ್ಲ.

ಇದರ ಜೊತೆ ಡಬ್ಬಿ ಕಳಿಸಿದ್ದೇನೆ. ಜೋಳ ಅರ್ಧ, ರಾಗಿ ಅರ್ಧ. ಕಲ್ಲು ಬಿಗಿ ಮಾಡಿ ಎರಡು ಸಲ ಬೀಸಿ, ನಿನ್ನ ಅವ್ವನ ಹಳೆಯ ತೆಳು ಮಲ್ಲು ಸೀರೆಯಲ್ಲಿ ಮೂರು ಸಲ ಸೋಸಿದ್ದೇನೆ. ತೆಳ್ಳಗೆ ಗಂಜಿ ಮಾಡಿಸಿಕೊಂಡು ಕುಡಿ. ಹಲ್ಲಿನ ಸಂದಿಯಿಂದ ಇಳಿಯುತ್ತದೆ. ಗಂಟು ಬಂದರೆ ಅದು ಕುದಿಸಿದವರ ತಪ್ಪು, ಬೀಸಿದವನದಲ್ಲ.

ನೀರಿನ ನಳ ಹುಡುಕುತ್ತ ಹೋಗಿದ್ದೆ. ದೊಡ್ಡ ಆಸ್ಪತ್ರೆ, ದಾರಿ ತಪ್ಪಿತು.

ಮೊನ್ನೆ ಸಂತೆಯ ದಿನ ಯಾರೋ ಹೊಸಬ ಚೀಲ ಹೊತ್ತುಕೊಂಡು ಬಂದು, 'ಗದ್ದದ ಗಿರಣಿ ಇದೇ ಏನ್ರಿ?' ಅಂದ. 'ಬೋರ್ಡ್ ಓದಾಕ ಬರೂದಿಲ್ಲೇನೋ? ವೀರಭದ್ರೇಶ್ವರ ಹಿಟ್ಟಿನ ಗಿರಣಿ ಅಂತ ಬರದೇತಿ' ಅಂದೆ. 'ಓದಾಕ ಬರತೈತ್ರಿ, ಊರಾಗ ಹಿಂಗ ಹೇಳಿದ್ರು' ಅಂದ. ಬೋರ್ಡ್ ಹಾಕಿ ನಲವತ್ತು ವರ್ಷವಾಯಿತು. ನನ್ನ ಗದ್ದ ನೋಡಿ ಊರವರು ಇಟ್ಟ ಆ ಹೆಸರು ನನ್ನ ಬಾಯಿಂದ ಒಮ್ಮೆಯೂ ಬಂದಿಲ್ಲ. ನಿನಗೂ ಶಾಲೆಯಲ್ಲಿ ಅದೇ ಹೆಸರಿತ್ತು ಅಂತ ನಿನ್ನ ಚಿಗವ್ವ ರೇವವ್ವ ಆಪರೇಶನ್ ಗೊತ್ತಾದ ಮೇಲೆ ಹೇಳಿದಳು. ನೀನು ನನಗೆ ಹೇಳಿರಲಿಲ್ಲ.

ಮುಖದ ಬಗ್ಗೆ ಕೇಳಿದ್ದೀ. ಬಾವು ಇಳಿಯಲಿ.

ಈರಬಸಪ್ಪ
ಶ್ರೀ ವೀರಭದ್ರೇಶ್ವರ ಹಿಟ್ಟಿನ ಗಿರಣಿ

*

ದುಮ್ಮವಾಡ
3 ಆಗಸ್ಟ್ 2023

ಅಪ್ಪಾ,

ರಬ್ಬರು ಬಿಚ್ಚಿ ತಿಂಗಳಾಯಿತು. ಕಚೇರಿಗೆ ಹೋಗುತ್ತಿದ್ದೇನೆ. ನಿಮ್ಮ ಪತ್ರಕ್ಕೆ ನಾನೇ ಮುದ್ರೆ ಒತ್ತಿ ನಾನೇ ನನಗೆ ಬಟವಾಡೆ ಮಾಡಿಕೊಳ್ಳುತ್ತೇನೆ. ಟಪಾಲು ಚೀಲ ತರುವ ಯಲ್ಲಪ್ಪ ಅದನ್ನು ನೋಡಿ ನಗುತ್ತಾನೆ.

ಬಾಯಿ ಬಿಗಿದಿದ್ದಷ್ಟು ದಿನ ಮನೆಯೊಡತಿ ಶಮೀಮಾಬಿಯೇ ಗಂಜಿ ಕಾಸಿ ಕೊಟ್ಟರು. ಗಂಟು ಬರಲಿಲ್ಲ. 'ಬಾಯಿ ಮುಚ್ಚಸಾಕ ಧಾರವಾಡ ಮಟ ಹೋಗಿದ್ದ್ರೇನ್ರಿ ಮೇಡಂ? ಮೊದಲ ಹೇಳಿದ್ರ ನಮ್ಮ ಸೊಸೀನೂ ಜೋಡಿ ಕಳಸ್ತಿದ್ದೆ' ಅನ್ನುತ್ತಿದ್ದರು. ನಕ್ಕರೆ ನೋಯುತ್ತಿತ್ತು.

ಕಚೇರಿಗೆ ಹೋದ ಮೊದಲ ದಿನ ಶಾಲೆಯ ಮಾಸ್ತರರು ರಿಜಿಸ್ಟರ್ ಕಾಗದ ಹಿಡಿದುಕೊಂಡು ಬಂದರು. ಆರು ವರ್ಷದಿಂದ ವಾರಕ್ಕೆರಡು ಸಲ ಬರುವವರು. 'ಹೊಸಾ ಮೇಡಮ್ಮಾರು ಬಂದ್ರೇನು? ಹಳೇಬ್ರು ವರ್ಗಾ ಆದ್ರೇನ್ರಿ?' ಎಂದರು. ಹಳೆಯವಳು ನಾನೇ ಎಂದೆ. ನೋಡಿದರು. ಇನ್ನೂ ಸ್ವಲ್ಪ ಹೊತ್ತು ನೋಡಿ, 'ಅಗದಿ ಚಲೋ ಆತು ಬಿಡ್ರಿ' ಎಂದರು. ಆಮೇಲೆ ಬಂದವರೆಲ್ಲ ಹೆಚ್ಚು ಕಡಿಮೆ ಇದೇ ಮಾತು ಆಡಿದರು. ಅವರು ಇಷ್ಟು ವರ್ಷ ನನ್ನನ್ನು ಹೇಗೆ ನೋಡುತ್ತಿದ್ದರು ಎಂಬುದು ಆಪರೇಶನ್ ಆದ ಮೇಲೆ ತಿಳಿಯಿತು. ಮೊದಲು ಬರೀ ಅನುಮಾನವಿತ್ತು.

ಇನ್ನೊಂದು ಸುದ್ದಿ. ಮೊನ್ನೆ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಕಡಿದೆ. ಮೂವತ್ತೊಂದು ವರ್ಷ ಮುರಿದು, ಬಾಯಿಯ ಬದಿಗಿಟ್ಟು ತಿಂದವಳು. ರೊಟ್ಟಿಯ ಅಂಚಿನಲ್ಲಿ ಹಲ್ಲಿನ ಸಾಲು ಮೂಡಿತ್ತು. ಅದನ್ನೇ ಹಿಡಿದುಕೊಂಡು ಕುಳಿತೆ. 'ಇಲಿ ಕಡದಂಗ ಕಡದು ಏನ್ ನೋಡಾಕತ್ತೀರಿ, ತಿನ್ರಿ' ಎಂದರು ಶಮೀಮಾಬಿ.

ತಪಾಸಣೆಗೆ ಹೋದಾಗ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಫಾರ್ಮ್ ಕೊಟ್ಟಳು. ಅಗಿಯಲು ಅನುಕೂಲವೇ, ಜನರೆದುರು ನಗಲು ಸಂಕೋಚವೇ, ಕನ್ನಡಿ ನೋಡಿದಾಗ ಏನನ್ನಿಸುತ್ತದೆ, ಒಟ್ಟು ತೃಪ್ತಿ ಹತ್ತಕ್ಕೆ ಎಷ್ಟು. ಒಂಬತ್ತು ಎಂದು ಬರೆದೆ. ಉಳಿದ ಒಂದು ಯಾಕೆ ಎಂದು ಆಕೆ ಕೇಳಲಿಲ್ಲ. ಕೆಳತುಟಿ ಮತ್ತು ಗದ್ದಕ್ಕೆ ಇನ್ನೂ ಸ್ಪರ್ಶವಿಲ್ಲ. ಚಹಾ ಸೋರಿದರೆ ಸೀರೆ ನೋಡಿ ತಿಳಿದುಕೊಳ್ಳಬೇಕು. ನರಕ್ಕೆ ಪೆಟ್ಟಾಗಿರುತ್ತದೆ, ವರ್ಷ ಹಿಡಿಯಬಹುದು, ಕೆಲವರಿಗೆ ಬರುವುದೇ ಇಲ್ಲ ಎಂದರು ಡಾಕ್ಟರು.

ಅವ್ವ ತೀರಿಕೊಂಡ ದಿನ ನಾನು ಊಟ ಬಿಟ್ಟು ಕುಳಿತಾಗ ನೀವು ನನ್ನ ಗದ್ದ ಹಿಡಿದು 'ಒಂದು ತುತ್ತು ಉಣ್ಣವ್ವಾ' ಎಂದದ್ದು ಯಾಕೋ ನೆನಪಾಯಿತು. ನಿಮ್ಮ ಬೆರಳಿನಲ್ಲಿ ಹಿಟ್ಟು ಇತ್ತು.

ಬಾವು ಇಳಿದಿದೆ. ನೀವು ಇನ್ನೂ ಹೇಳಿಲ್ಲ.

ಮಹಾನಂದಾ

*

ಗುಡಗೇರಿ
19 ಆಗಸ್ಟ್ 2023

ಮಾನಂದಾ,

ಶ್ರಾವಣ, ಗಿರಣಿಯಲ್ಲಿ ಗದ್ದಲ ಬಹಳ. ಕಡಲೆ ಹಿಟ್ಟು ಬೀಸಿಸುವವರು ಒಂದು ಸಾಲು, ಮೆಣಸಿನ ಕಾರ ಬೀಸಿಸುವವರು ಒಂದು ಸಾಲು. ದಿನವೆಲ್ಲ ಮುಖಕ್ಕೆ ವಸ್ತ್ರ ಕಟ್ಟಿಕೊಂಡೇ ಇರುತ್ತೇನೆ.

ನಿನ್ನ ಚಿಗವ್ವ ರೇವವ್ವ ಒಂದು ಸಂಬಂಧ ತಂದಿದ್ದಾಳೆ. ಅಣ್ಣಿಗೇರಿಯವರು. ಹುಡುಗನ ಹೆಸರು ಸುಭಾಸ, ಬೀಜ ಗೊಬ್ಬರದ ಅಂಗಡಿ. ತಾಯಿ ಮಗ ಇಬ್ಬರೇ. ನಿನ್ನ ಹೊಸ ಫೋಟೋ ಕಳಿಸಿದ್ದಳಂತೆ, ಮನಸ್ಸಿಗೆ ಬಂದಿದೆ. ಹಲ್ಲಿನ ತಂತಿ ತೆಗೆದ ಮೇಲೆ ನೋಡಲು ಬರಲಿ ಅಂದಿದ್ದಾಳೆ. ಆಪರೇಶನ್ ಮಾತು ಅವರ ಮುಂದೆ ಎತ್ತಬಾರದಂತೆ.

ಹಳೆಯ ಫೋಟೋಗಳನ್ನೆಲ್ಲ ಅವಳೇ ಬಂದು ತೆಗೆದಳು. ಪಡಸಾಲೆಯಲ್ಲಿ ನಾನೂ ನೀನೂ ಕೂತದ್ದು ಒಂದು ಇತ್ತಲ್ಲ, ಅದೂ ಹೋಯಿತು. ಹಿಟ್ಟಿನ ಧೂಳು ಕೂತು ಗೋಡೆಯೆಲ್ಲ ಬೆಳ್ಳಗಾಗಿದೆ. ಆ ಒಂದು ಜಾಗ ಮಾತ್ರ ಹಸಿರು ಉಳಿದಿದೆ. ಒರೆಸಿದರೆ ಗೋಡೆಯೆಲ್ಲ ಒರೆಸಬೇಕು, ಬಿಟ್ಟಿದ್ದೇನೆ.

ಮುಖ ಚಲೋ ಆಗಿದೆ. ಕೇಳಿದ್ದಕ್ಕೆ ಹೇಳಿದೆ. ನಿನ್ನ ಅವ್ವನ ಹಾಗೆ ಅಂತಾರೆ ಎಲ್ಲರೂ. ಅವ್ವನ ಹಾಗೆ ಇಲ್ಲ. ಅವಳನ್ನು ನಾನು ನೋಡಿದ್ದೇನೆ.

ಈರಬಸಪ್ಪ
ಶ್ರೀ ವೀರಭದ್ರೇಶ್ವರ ಹಿಟ್ಟಿನ ಗಿರಣಿ

*

ದುಮ್ಮವಾಡ
30 ಅಕ್ಟೋಬರ್ 2023

ಅಪ್ಪಾ,

ತಂತಿ ತೆಗೆದರು. ಅಣ್ಣಿಗೇರಿಯವರು ದೀಪಾವಳಿ ಮುಗಿದ ಮೇಲಿನ ರವಿವಾರಕ್ಕೆ ಬರುತ್ತಾರೆಂದು ಚಿಗವ್ವ ಫೋನು ಮಾಡಿದ್ದಳು.

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಚಿಗವ್ವ ಅನ್ನುತ್ತಾಳೆ, ಹುಡುಗಿಯನ್ನು ನೋಡಲು ಬಂದವರು ಮನೆಯವರನ್ನೂ ನೋಡುತ್ತಾರೆ, ಯಾರ ಹಾಗೆ ಇದ್ದಾಳೆ ಎಂದು ಹುಡುಕುತ್ತಾರೆ. ನಿಮ್ಮನ್ನು ನೋಡಿದರೆ ಕೇಳುತ್ತಾರೆ. ಒಂದು ಪ್ರಶ್ನೆಯ ಹಿಂದೆ ಇನ್ನೊಂದು ಬರುತ್ತದೆ, ಹುಟ್ಟುವ ಮಕ್ಕಳ ತನಕ. ಇದೆಲ್ಲ ಚಿಗವ್ವನ ಮಾತು.

ಎಂಟನೆಯ ಸಲ ತಟ್ಟೆ ಹಿಡಿದುಕೊಂಡು ಹೊರಗೆ ಬರಬೇಕು ನಾನು. ಇದೇ ಕೊನೆಯದಾಗಲಿ ಎಂದು ಅನ್ನಿಸುತ್ತದೆ. ಆ ದಿನ ಗಿರಣಿಯಲ್ಲಿ ಕೆಲಸ ಹೆಚ್ಚಿದ್ದರೆ ನೀವು ಅಲ್ಲಿಯೇ ಇದ್ದರೂ ನಡೆಯುತ್ತದೆ. ಮಾತುಕತೆಗೆ ಚಿಗವ್ವ ಇರುತ್ತಾಳೆ.

ಈ ಕೊನೆಯ ಎರಡು ಮಾತು ನನ್ನವು.

ಮಹಾನಂದಾ

*

ಗುಡಗೇರಿ
4 ನವೆಂಬರ್ 2023

ಮಾನಂದಾ,

ತಿಳಿಯಿತು. ಆದರೆ ಅಪ್ಪ ಬದುಕಿದ್ದೂ ಮನೆಯಲ್ಲಿ ಇಲ್ಲ ಅಂದರೆ ಅದಕ್ಕೂ ಏನಾದರೂ ಅನ್ನುತ್ತಾರೆ. ನಾನು ಇರುತ್ತೇನೆ. ಏನಾದರೂ ಹಾದಿ ಮಾಡುತ್ತೇನೆ, ನೀನು ಚಿಂತೆ ಮಾಡಬೇಡ.

ಬರುವಾಗ ಹಿಟ್ಟಿನ ಖಾಲಿ ಡಬ್ಬಿ ತಾ.

ಈರಬಸಪ್ಪ
ಶ್ರೀ ವೀರಭದ್ರೇಶ್ವರ ಹಿಟ್ಟಿನ ಗಿರಣಿ

*

ದುಮ್ಮವಾಡ
22 ನವೆಂಬರ್ 2023

ಅಪ್ಪಾ,

ಆ ದಿನ ಮಾತಾಡಲು ಆಗಲಿಲ್ಲ. ಮನೆಯ ತುಂಬ ಮಂದಿ, ಚಿಗವ್ವನ ಸಂಭ್ರಮ ಬೇರೆ. ಮೂರು ದಿನದಿಂದ ಒಂದೇ ಚಿತ್ರ ಕಣ್ಣೆದುರಿಗಿದೆ. ಬರೆದರೆ ಹೋದೀತೆಂದು ಬರೆಯುತ್ತಿದ್ದೇನೆ.

ನೀವು ಬಾಗಿಲಲ್ಲಿ ಕಾಣಿಸಿಕೊಂಡಾಗ ತಲೆಯ ಸುತ್ತ, ಗದ್ದದ ಕೆಳಗಿನಿಂದ, ಕಾರ ಬೀಸುವಾಗಿನ ವಸ್ತ್ರ ಬಿಗಿದಿತ್ತು. ಅಂಗೈ ದವಡೆಯ ಮೇಲೆ. 'ಹಲ್ಲು ಅಗದಿ ತ್ರಾಸ ಕೊಡಾಕತ್ತಾವ್ರಿ, ತಪ್ಪು ತಿಳೀಬ್ಯಾಡ್ರಿ' ಎಂದಿರಿ, ಹಲ್ಲು ಬಿಡಿಸದೆಯೇ. ಆ ದನಿ ನನಗೆ ಗೊತ್ತಿತ್ತು. ಬಾಯಿ ಬಿಗಿದಿದ್ದಾಗ ನಾನು ಹಾಗೇ ಮಾತಾಡುತ್ತಿದ್ದೆ. ಆಸ್ಪತ್ರೆಯಲ್ಲಿ ಇದ್ದ ಮೂರು ನಾಲ್ಕು ದಿನದಲ್ಲಿ ಕಲಿತಿರಿ.

ಸುಭಾಸ ಅವರ ತಾಯಿ ಒಳ್ಳೆಯವರು. 'ಲವಂಗದ ಎಣ್ಣಿ ಹಚ್ಚ್ರಿ ಅಣ್ಣಾರ, ಅರಳಿ ಅದ್ದಿ ಇಟ್ಟ್ರ ಗಳಿಗಿ ಒಳಗ ಇಳಿತೈತಿ' ಎಂದು ಹತ್ತಿರ ಬಂದು ಹೇಳುವಾಗ ನಿಮ್ಮ ವಸ್ತ್ರದ ಕಾರಕ್ಕೆ ಎರಡು ಸಲ ಸೀನಿದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಕಣ್ಣಿನಲ್ಲಿ ಕಂಡಿತು, ಉಳಿದದ್ದು ಕಾಣುವಂತಿರಲಿಲ್ಲ. ಅವರು ನನ್ನನ್ನು ನೋಡಿ 'ತಾಯಿನ್ನ ಹೋಲ್ತಾಳೇನು?' ಎಂದರು. ಚಿಗವ್ವ 'ಥೇಟ್ ನಮ್ಮಕ್ಕನ್ರಿ' ಎಂದಳು. ಹತ್ತು ನಿಮಿಷದಲ್ಲಿ ಒಪ್ಪಿಗೆಯಾಯಿತು.

ಅವರು ಹೋದ ಮೇಲೂ ನೀವು ವಸ್ತ್ರ ಬಿಚ್ಚಲಿಲ್ಲ. ಹಾಗೆಯೇ ಊಟಕ್ಕೆ ಕುಳಿತು, ಆಮೇಲೆ ನೆನಪಾಗಿ ಬಿಚ್ಚಿದಿರಿ.

ನಾನು ಬಸ್ಸಿಗೆ ಹೊರಟಾಗ ಗದ್ದ ಹಿಡಿದು ಏನೋ ಹೇಳಿದಿರಿ. 'ಸುಖದಿಂದ ಇರವ್ವಾ' ಎಂದಿರಬೇಕು. ನಾನು ನಿಮ್ಮ ಕೈಯನ್ನು ನೋಡುತ್ತಿದ್ದೆ. ಕೈ ಗದ್ದದ ಮೇಲಿದೆ ಎಂಬುದು ನೋಡಿದ್ದರಿಂದಷ್ಟೇ ಗೊತ್ತಾಯಿತು. ಕಣ್ಣು ಮುಚ್ಚಿದ್ದರೆ ಅದೂ ಇರುತ್ತಿರಲಿಲ್ಲ.

ವಸ್ತ್ರ ಕಟ್ಟಿಕೊಳ್ಳಿ ಎಂದು ನಾನು ಬರೆದಿರಲಿಲ್ಲ. ಬರೆದದ್ದು ಅದಕ್ಕಿಂತ ಕಡಿಮೆಯದೇನೂ ಅಲ್ಲ, ಗೊತ್ತು.

ಮಹಾನಂದಾ

*

ಗುಡಗೇರಿ
16 ಡಿಸೆಂಬರ್ 2023

ಮಾನಂದಾ,

ಆಗಿ ಹೋದದ್ದನ್ನು ಬರೆದು ಬರೆದು ದೊಡ್ಡದು ಮಾಡಬೇಡ. ಮಾಘದಲ್ಲಿ ಲಗ್ನ ಅಂತ ರೇವವ್ವ ಮುಹೂರ್ತ ತೆಗೆಸಿದ್ದಾಳೆ.

ಇಲ್ಲಿ ಒಂದು ಮೋಜು ಆಯಿತು. ನನ್ನ ಹಲ್ಲುನೋವು ಕಡಿಮೆ ಆಗಿಲ್ಲ ಅಂತ ಬೀಗತಿಗೆ ಬಹಳ ಕಾಳಜಿ. ಎರಡು ಸಲ ಫೋನು ಮಾಡಿದರು. ಕಡೆಗೆ ಮಗನನ್ನೇ ಕಳಿಸಿದರು. ಸುಭಾಸ ಮೋಟರ್ ಸೈಕಲ್ ತಗೊಂಡು ಬಂದು, 'ನಡ್ರಿ ಮಾವಾರ, ಹುಬ್ಬಳ್ಳಿಗೆ ಹೋಗೂಣು, ಡಾಕ್ಟರ್‌ಗೆ ಹೇಳಿಟ್ಟೇನಿ' ಅಂದ. ಒಲ್ಲೆ ಅಂದೆ, ಬಿಡಲಿಲ್ಲ. ಮಂದಿ ಹಿಟ್ಟಿಗೆ ನಿಂತಿದ್ದರು, ಗಿರಣಿ ಬಂದ್ ಮಾಡಿ ಹೋದೆ.

ಡಾಕ್ಟರು ವಸ್ತ್ರ ಬಿಚ್ಚಿಸಿದರು. ಬಿಚ್ಚದೆ ಹಲ್ಲು ಹೇಗೆ ನೋಡುತ್ತಾರೆ? ಬ್ಯಾಟರಿ ಹಾಕಿ ನೋಡಿ, 'ಹಲ್ಲು ಗಟ್ಟಿ ಅದಾವಲ್ರೀ ಯಜಮಾನ್ರ, ಒಂದು ದವಡಿ ಹಲ್ಲಿನಾಗ ಸಣ್ಣ ತೂತೈತಿ, ತುಂಬಿದ್ರಾತು' ಅಂದರು. ಸುಭಾಸ ಬಾಜುಕ್ಕೇ ನಿಂತಿದ್ದ. ಒಂದು ತಿಂಗಳಿಂದ ವಸ್ತ್ರ ಕಟ್ಟಿಕೊಂಡವನಿಗೆ ಇಷ್ಟೇ ನೋವಾ ಅಂತ ಕೇಳಿದರೆ ಏನು ಹೇಳಲಿ? 'ತುಂಬೂದು ಬ್ಯಾಡ್ರಿ, ಕೀಳ್ರಿ' ಅಂದೆ. ಡಾಕ್ಟರು ಬೇಡ ಅಂದರು. ಹಟ ಹಿಡಿದು ಕೀಳಿಸಿಕೊಂಡೆ. ಬೇರು ಮೂರು ಇದ್ದವು, ಬಹಳ ಹೊತ್ತು ಹಿಡಿಯಿತು. ನೀನು ದವಡೆ ಕೊಯ್ಯಿಸಿಕೊಂಡವಳು, ನಿನ್ನ ಮುಂದೆ ಇದೇನು ಮಹಾ.

ಹುಡುಗ ಶಾಣ್ಯಾ ಇದ್ದಾನೆ. ನನ್ನ ಗದ್ದ ನೋಡಿದ, ನಿನ್ನ ಮುಖ ನೆನಪಿಸಿಕೊಂಡಿರಬೇಕು. ವಸ್ತ್ರ ಯಾಕೆ ಅಂತ ತಿಳಿದುಕೊಂಡ. ಕುಂದಗೋಳದ ಹತ್ತಿರ ಚಹಾಕ್ಕೆ ಗಾಡಿ ನಿಲ್ಲಿಸಿದಾಗ ಅವನೇ ವಸ್ತ್ರ ನನ್ನ ಕೈಗೆ ಕೊಟ್ಟು, 'ಕಟ್ಟಿಕೊಳ್ರಿ ಮಾವಾರ. ನಾ ಅವ್ವಗ ಹೇಳೂದಿಲ್ಲ. ಲಗ್ನಾ ಮುಗಿಯೂ ಮಟ ಹಿಂಗ ಇರ್ರಿ. ಆಮ್ಯಾಲೂ ನಮ್ಮೂರ ಕಡೆ ಬಂದಾಗಷ್ಟ ನೋಡಕೋರಿ' ಅಂದ. ಇಂಥ ತಿಳುವಳಿಕೆಯ ಅಳಿಯ ಎಲ್ಲಿ ಸಿಗುತ್ತಾನೆ. ನಿನಗೆ ಹೇಳಬೇಡ ಅಂದಿದ್ದ. ನೀನು ಅವನನ್ನು ಸುಮ್ಮನೆ ಅನುಮಾನಿಸಬಾರದು ಅಂತ ಹೇಳಿದೆ.

ಗಲ್ಲ ಬಾತಿದೆ. ಈಗ ವಸ್ತ್ರಕ್ಕೆ ನಿಜವಾದ ಕಾರಣ ಉಂಟು. ನಿನಗೆ ಬೀಸಿದಂಥ ಹಿಟ್ಟನ್ನೇ ಗಂಜಿ ಮಾಡಿಕೊಂಡು ಕುಡಿಯುತ್ತಿದ್ದೇನೆ.

ಈರಬಸಪ್ಪ
ಶ್ರೀ ವೀರಭದ್ರೇಶ್ವರ ಹಿಟ್ಟಿನ ಗಿರಣಿ

*

ದುಮ್ಮವಾಡ
20 ಡಿಸೆಂಬರ್ 2023

ಅಪ್ಪಾ,

ನಿಮ್ಮ ಪತ್ರಕ್ಕೆ ಮುದ್ರೆ ಒತ್ತುವುದನ್ನು ಮರೆತು ಓದಿದೆ. ಓದಿ, ಬಾಗಿಲು ಹಾಕಿ, ಸುಭಾಸ ಅವರಿಗೆ ಫೋನು ಮಾಡಿದೆ.

ನಮ್ಮ ತಂದೆ ಮುಖ ಮುಚ್ಚಿಕೊಳ್ಳದೆ ಲಗ್ನದ ಚಪ್ಪರದಲ್ಲಿ ಕೂಡುವುದಕ್ಕೆ ಒಪ್ಪಿಗೆಯೇ ಎಂದು ಕೇಳಿದೆ. 'ಅದರಾಗೇನೈತಿ, ಅವರಿಗೇ ಚಲೋ ಅಂತ ಹೇಳಿದ್ನಿ' ಎಂದರು. ಒಪ್ಪಿಗೆಯೇ ಎಂದು ಮತ್ತೆ ಕೇಳಿದೆ. 'ಅವ್ವನ್ನ ಕೇಳಬೇಕಾಕ್ಕೈತಿ' ಎಂದರು. ಹಾಗಾದರೆ ನಾನೇ ಹೇಳುತ್ತೇನೆಂದು ಅವರ ತಾಯಿಗೆ ಫೋನು ಕೊಡಿಸಿಕೊಂಡು ಎಲ್ಲ ಹೇಳಿದೆ. ನನ್ನ ದವಡೆ, ಆಪರೇಶನ್, ನಿಮ್ಮ ವಸ್ತ್ರ, ಹಲ್ಲು. ಅವರು 'ಪಾಪ ಅಣ್ಣಾರು' ಎಂದರು. ಆಮೇಲೆ ಫೋನಿಟ್ಟರು. ಈ ಲಗ್ನ ಬೇಡವೆಂದು ನಾನೇ ಸುಭಾಸ ಅವರಿಗೆ ತಿಳಿಸಿದ್ದೇನೆ. ಅವರು ಎರಡನೆಯ ಸಲ ಕೇಳಲಿಲ್ಲ.

ವಸ್ತ್ರ ಬಿಚ್ಚಿಬಿಡಿ ಅಪ್ಪಾ. ಕಾರ ಬೀಸುವಾಗಷ್ಟೇ ಕಟ್ಟಿಕೊಳ್ಳಿ.

ಮಹಾನಂದಾ

*

ಗುಡಗೇರಿ
27 ಡಿಸೆಂಬರ್ 2023

ಮಹಾನಂದಾ,

ನನ್ನನ್ನು ಕೇಳಿ ಮಾಡಿದೆಯಾ?

ನಾನು ವಸ್ತ್ರ ಕಟ್ಟಿಕೊಂಡದ್ದು ನನ್ನ ಕೈಯಿಂದ. ಹಲ್ಲು ಕೀಳಿಸಿಕೊಂಡದ್ದು ನನ್ನ ಬಾಯಿಂದ. ಅದರಲ್ಲಿ ನನಗೆ ನಾಚಿಕೆ ಇರಲಿಲ್ಲ. ಮಗಳಿಗಾಗಿ ಮಾಡಿದ್ದು ಅಂತ ಒಂದು ಸಮಾಧಾನ ಇತ್ತು. ಅದನ್ನು ನೀನು ಅಣ್ಣಿಗೇರಿ ಮಟ ಫೋನು ಮಾಡಿ ಹೇಳಿದೆ. ಇಷ್ಟು ದಿನ ನನ್ನ ಮುಖ ಗುಡಗೇರಿಯವರಿಗೆ ಮಾತ್ರ ಗೊತ್ತಿತ್ತು. ಈಗ ಅವರು ನನ್ನನ್ನು ಪಾಪ ಅಂತಾರೆ.

ಮೊದಲು ನೀನು ನಿನ್ನ ಮುಖದಿಂದ ನನ್ನನ್ನು ತೆಗೆಸಿಕೊಂಡೆ. ಆಪರೇಶನ್ ಕಾಗದಕ್ಕೆ ಸಹಿ ನಾನೇ ಮಾಡಿದೆ, ಅಲ್ಲ ಅನ್ನುವುದಿಲ್ಲ. ಆಮೇಲೆ ನೀನೇ ಮುಖ ತೋರಿಸಬೇಡ ಅಂದೆ. ಈಗ ತೋರಿಸು ಅನ್ನುತ್ತೀ. ಇದು ಯಾರ ಮುಖ ಅಂತ ತಿಳಿದಿದ್ದೀ?

ಆ ದಿನ ಆಸ್ಪತ್ರೆಯಲ್ಲಿ ನಾನು ದಾರಿ ತಪ್ಪಿರಲಿಲ್ಲ. ಕೆಳಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಮಂಚದ ಮೇಲೆ ಇದ್ದವಳು ಯಾರು ಅಂತ ತಿಳಿಯಲಿಲ್ಲ, ಅದಕ್ಕೆ.

ಹಲ್ಲು ತಿರುಗಿ ಬರುವುದಿಲ್ಲ.

ಈರಬಸಪ್ಪ

*

ದುಮ್ಮವಾಡ
12 ಜೂನ್ 2024

ಅಪ್ಪಾ,

ಸಂಕ್ರಾಂತಿಗೆ ಬರೆದೆ, ಶಿವರಾತ್ರಿಗೆ ಬರೆದೆ. ಉತ್ತರ ಬರಲಿಲ್ಲ. ಟಪಾಲು ತಪ್ಪಿರಬಹುದೆಂದು ಬೇರೆಯವರು ಸಮಾಧಾನ ಮಾಡಿಕೊಳ್ಳಬಹುದು. ನನಗೆ ಆ ಅನುಕೂಲವಿಲ್ಲ.

ಯುಗಾದಿಯ ಮುಂದೆ ಒಂದು ದಿನ ಗಿರಣಿಗೆ ಬಂದಿದ್ದೆ. ಆಗ ತರಲು ಮರೆತಿದ್ದ ಖಾಲಿ ಡಬ್ಬಿಯಲ್ಲಿ ಎರಡು ಸೇರು ಜೋಳ ಹಾಕಿಕೊಂಡು ಸಾಲಿನಲ್ಲಿ ನಿಂತೆ. ನೀವು ಕಾರ ಬೀಸುತ್ತಿದ್ದಿರಿ, ಮುಖಕ್ಕೆ ವಸ್ತ್ರವಿತ್ತು. ನನ್ನ ಸರದಿ ಬಂದಾಗ ತಲೆಯೆತ್ತದೆ, 'ಇಟ್ಟು ಹೋಗ್ರಿ, ಸಂಜಿಗಿ ಬರ್ರಿ' ಎಂದಿರಿ. ಗೊತ್ತಾಗದೆ ಹಾಗೆಂದಿರೋ, ಗೊತ್ತಾಗಿಯೇ ನನಗೆ 'ರಿ' ಹಚ್ಚಿದಿರೋ ಎಂದು ಬಸ್ಸಿನಲ್ಲಿ ಊರು ಮುಟ್ಟುವ ತನಕ ಯೋಚಿಸಿದೆ. ಡಬ್ಬಿ ಅಲ್ಲಿಯೇ ಇದೆ. ಅದರ ಮುಚ್ಚಳದ ಮೇಲೆ ಅವ್ವನ ಹೆಸರು ಕೊರೆದಿದೆ, ನಿಮಗೆ ಗುರುತು ಸಿಕ್ಕಿರಬೇಕು.

ಆಪರೇಶನ್ ಆಗಿ ವರ್ಷವಾಯಿತು. ಆಸ್ಪತ್ರೆಯಿಂದ ಕೊನೆಯ ಫಾರ್ಮ್ ಬಂದಿದೆ. ನನ್ನ ಭಾಗ ತುಂಬಿದ್ದೇನೆ. ಅಗಿಯುವುದು, ಮಾತು, ಉಸಿರಾಟ, ಎಲ್ಲ ಉತ್ತಮ. ಕನ್ನಡಿ ನೋಡಿದಾಗ ಏನನ್ನಿಸುತ್ತದೆ ಎಂಬಲ್ಲಿ 'ಅಭ್ಯಾಸವಾಗಿದೆ' ಎಂದು ಬರೆದೆ. ಒಟ್ಟು ತೃಪ್ತಿಯ ಜಾಗ ಖಾಲಿ ಬಿಟ್ಟಿದ್ದೇನೆ. ಹಿಂದಿನ ಪುಟ ಮನೆಯವರು ತುಂಬಬೇಕಂತೆ. ಮನೆಯವರೆಂದರೆ ನೀವೊಬ್ಬರೇ. ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟಿದ್ದೇನೆ.

ಇನ್ನೊಂದು ಮಾತು. ಮೊದಲು ಇರುವೆ ಹರಿದಾಡಿದ ಹಾಗಾಗುತ್ತಿತ್ತು, ಈಗ ಹದಿನೈದು ದಿನದಿಂದ ಗದ್ದಕ್ಕೆ ಪೂರ್ತಿ ಸ್ಪರ್ಶ ಬಂದಿದೆ. ಯಾರಾದರೂ ಹಿಡಿದರೆ ತಿಳಿಯುತ್ತದೆ.

ನಿಮ್ಮ
ಮಹಾನಂದಾ

*

(ಫಾರ್ಮಿನ ಹಿಂದಿನ ಪುಟ. ಲಕೋಟೆಯಲ್ಲಿ ಬೇರೆ ಕಾಗದವಿರಲಿಲ್ಲ.)

ತುಂಬಿದವರು ರೋಗಿಗೆ ಏನಾಗಬೇಕು: ತಂದೆ

ರೋಗಿಗೆ ಊಟ ಮಾಡಲು ಈಗ ಅನುಕೂಲವೇ: ಹೌದು. ರೊಟ್ಟಿ ಮುಂದಿನ ಹಲ್ಲಿನಿಂದ ಕಡಿಯುತ್ತಾಳೆ ಅಂತ ಬರೆದಿದ್ದಳು. ನಾನು ಒಂದೇ ಮಗ್ಗಲಿನಿಂದ ತಿನ್ನುತ್ತೇನೆ.

ರೋಗಿಯ ಆತ್ಮವಿಶ್ವಾಸ ಹೆಚ್ಚಿದೆಯೇ: ಬಹಳ.

ಇದೇ ತೊಂದರೆ ಇರುವ ಮನೆಯ ಇತರರಿಗೆ ಈ ಶಸ್ತ್ರಚಿಕಿತ್ಸೆ ಮಾಡಿಸುವಿರಾ: ಇರುವವನು ನಾನೊಬ್ಬನೇ. ಬೇಡ.

ಮುಖದ ಬದಲಾವಣೆಯ ಬಗ್ಗೆ ಮನೆಯವರ ತೃಪ್ತಿ, ಹತ್ತಕ್ಕೆ ಎಷ್ಟು: ಮುಖ ನೋಡಿ ಏಳು ತಿಂಗಳಾಯಿತು. ಹೇಳಲಿಕ್ಕೆ ಬರುವುದಿಲ್ಲ.

ದಿನಾಂಕ: 21 ಜೂನ್ 2024

ಸಹಿ ಮತ್ತು ವಿಳಾಸ:
ಈರಬಸಪ್ಪ
ಗದ್ದದ ಗಿರಣಿ, ಗುಡಗೇರಿ